ರೋಲರ್ ನಂಬರ್ ಎರಡರ ದಾಖಲೆ

ನವೆಂಬರ್ 25, ಸೋಮವಾರ

ಸಿಮೆಂಟ್ ಏಜೆನ್ಸಿಯವರು ವರ್ಷದ ಮೊದಲಿಗೆ ಕೊಟ್ಟ ಈ ಪುಸ್ತಕ ಹನ್ನೊಂದು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಇನ್ನು ದಿನಾ ಬರೆದಿಟ್ಟುಕೊಳ್ಳಬೇಕಾದ ಕೆಲಸವೊಂದು ತಲೆಗೆ ಬಿದ್ದಿದೆ.

ಬೆಳಿಗ್ಗೆ ಕಂಪನಿಯ ಧಣಿ ಕೃಷ್ಣಮೋಹನ ಸರ್ ಒಳಗೆ ಕರೆದು, "ಶಂಕರಿ, ಈ ಪುಸ್ತಕ, ಫೋನು ಎಲ್ಲ ಇನ್ನು ಸಾಕು. ನಮ್ಮ ಮೆಷಿನುಗಳಿಗೆ ಒಂದು ಸಾಫ್ಟ್‌ವೇರ್ ಹಾಕಿಸುವ. ಮೂರು ನಾಲ್ಕು ನೋಡಿ ಯಾವುದು ಆಗ್ತದೆ ಅಂತ ನೀವೇ ಹೇಳಿ. ಹೊಸ ವರ್ಷಕ್ಕೆ ಮೊದಲು ಆಗ್ಬೇಕು" ಎಂದರು.

ಅವಸರ ಯಾಕೆಂದು ಕೇಳಬೇಕಾಗಿರಲಿಲ್ಲ. ಈ ತಿಂಗಳ ಹದಿನಾಲ್ಕನೇ ತಾರೀಕು ಸಂಪಾಜೆಯ ರಸ್ತೆ ಕೆಲಸದ ಸೈಟಿನಲ್ಲಿ ರೋಲರ್ ನಂಬರ್ ಎರಡು ಹಿಂದಕ್ಕೆ ಜಾರಿ ಅದರ ಆಪರೇಟರ್ ತೀರಿಹೋದ. ಜನವರಿಯಲ್ಲಿ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಮೆಷಿನಿನ ರಿಪೇರಿ ದಾಖಲೆ ನೋಡುತ್ತಾರಂತೆ.

ಹದಿನೇಳು ವರ್ಷದಿಂದ ಪುತ್ತೂರು ದರ್ಬೆಯ ಈ ಆಫೀಸಿನಲ್ಲಿ ಮೆಷಿನುಗಳ ಮೇಜು ನನ್ನದು. ಹಿಟಾಚಿ ಐದು, ಜೆಸಿಬಿ ನಾಲ್ಕು, ಟಿಪ್ಪರ್ ಹನ್ನೊಂದು, ರೋಲರ್ ಎರಡು, ಗ್ರೇಡರ್ ಒಂದು, ಮಿಕ್ಸರ್ ಮೂರು. ಯಾವುದು ಯಾವ ಸೈಟಿನಲ್ಲಿ ಉಂಟು, ಎಷ್ಟು ಗಂಟೆ ಓಡಿತು, ಯಾವಾಗ ಆಯಿಲ್ ಬದಲಿಸಬೇಕು, ಎಲ್ಲ ನನ್ನ ನಾಲ್ಕು ಪುಸ್ತಕಗಳಲ್ಲಿ ಮತ್ತು ತಲೆಯಲ್ಲಿ ಇದೆ. ಆಪರೇಟರುಗಳು ಬೆಳಿಗ್ಗೆ ಫೋನ್ ಮಾಡಿ ಮೀಟರ್ ಹೇಳುತ್ತಾರೆ, ಬರೆದುಕೊಳ್ಳುತ್ತೇನೆ. ಏನಾದರೂ ಹಾಳಾದರೆ ಅದನ್ನೂ ನನಗೇ ಹೇಳುತ್ತಾರೆ. ನಾನು ದೂರಿನ ಪುಸ್ತಕದಲ್ಲಿ ಬರೆದು ಮೆಕ್ಯಾನಿಕ್ ಮುರಳಿಕೃಷ್ಣನಿಗೆ ತಿಳಿಸುತ್ತೇನೆ. ಇಷ್ಟು ವರ್ಷ ಇದರಲ್ಲಿ ಏನೂ ತಪ್ಪಾಗಿಲ್ಲ.

ನವೆಂಬರ್ 28, ಗುರುವಾರ

ಮೊದಲನೆಯದು ನೋಡಿ ಆಯಿತು. ಪುಣೆಯ ಕಂಪನಿ. ವಿಡಿಯೊದಲ್ಲಿ ಬಂದರು, ಎಲ್ಲ ಇಂಗ್ಲಿಷು. ಅಕೌಂಟ್ಸಿನ ಗಾನಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಮೆಷಿನ್ ಎಲ್ಲಿ ನಿಂತಿದೆ, ಎಂಜಿನ್ ಸುಮ್ಮನೆ ಎಷ್ಟು ಹೊತ್ತು ಓಡಿತು, ಡೀಸೆಲ್ ಎಷ್ಟು ಹೋಯಿತು, ಎಲ್ಲ ಬಣ್ಣದ ಗೆರೆಗಳಲ್ಲಿ ತೋರಿಸುತ್ತದೆ. ಚಂದ ಉಂಟು. ಆದರೆ ನಮ್ಮ ಆಪರೇಟರುಗಳು ಇಂಗ್ಲಿಷಿನಲ್ಲಿ ಒತ್ತುವುದು ಹೇಗೆ? ಸಂಪಾಜೆ ಕಡೆ ನೆಟ್‌ವರ್ಕ್ ಎಲ್ಲಿ?

ಆ ಹೆಂಗಸು ಕೊನೆಗೆ ಕೇಳಿದಳು, ಈಗ ನಿಮ್ಮಲ್ಲಿ ಮೆಷಿನ್ ಹಾಳಾದರೆ ವಿಷಯ ಹೇಗೆ ತಿಳಿಯುತ್ತದೆ ಎಂದು. ಫೋನಿನಲ್ಲಿ ಎಂದೆ. ಆಮೇಲೆ? ಪುಸ್ತಕದಲ್ಲಿ ಬರೆಯುತ್ತೇನೆ. ಎಲ್ಲ ಫೋನುಗಳನ್ನೂ? ಎಲ್ಲವನ್ನೂ ಎಂದೆ. ಗಾನಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಡಿಸೆಂಬರ್ 2, ಸೋಮವಾರ

ಇವತ್ತು ಸಾಫ್ಟ್‌ವೇರ್ ಕೆಲಸ ಏನೂ ಆಗಲಿಲ್ಲ.

ಹನ್ನೊಂದು ಗಂಟೆಗೆ ಒಬ್ಬಳು ಹುಡುಗಿ ಬಂದಳು. ಇಪ್ಪತ್ತು ವರ್ಷ ಇರಬಹುದು. ಹೆಸರು ಆಯಿಶತ್ ಶಿಫಾ ಎಂದಳು, ತೀರಿಹೋದ ರೋಲರ್ ಆಪರೇಟರ್ ಆದಂ ಕುಂಞಿಯ, ನಮ್ಮೆಲ್ಲರ ಆದಂಚನ ಮಗಳು. ಸರ್ ಇರಲಿಲ್ಲ. ಕೈಯಲ್ಲಿ ನಮ್ಮ ಕಂಪನಿ ಪೊಲೀಸರಿಗೆ ಕೊಟ್ಟ ಪತ್ರದ ಪ್ರತಿ ಇತ್ತು. ನಾನೇ ಟೈಪ್ ಮಾಡಿದ ಪತ್ರ. ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡದೆ ಅಜಾಗ್ರತೆಯಿಂದ ಮೆಷಿನ್ ಬಿಟ್ಟು ಇಳಿದದ್ದೇ ಕಾರಣ, ಮೆಷಿನಿನಲ್ಲಿ ದೋಷವಿರುವುದಾಗಿ ಆಪರೇಟರ್ ಯಾವತ್ತೂ ತಿಳಿಸಿರಲಿಲ್ಲ, ಎಂದು ಅದರಲ್ಲಿದೆ. ಸರ್ ಹೇಳಿದರು, ನಾನು ಬರೆದೆ.

"ಬ್ರೇಕ್ ಹಿಡಿಯುದಿಲ್ಲ ಅಂತ ಉಪ್ಪ ಮನೆಯಲ್ಲಿ ಹೇಳ್ತಾ ಇದ್ರು" ಎಂದಳು. "ಮನೆಯಲ್ಲಿ ಹೇಳುವವರು ಆಫೀಸಿಗೆ ಹೇಳದೆ ಇರ್ತಾರಾ? ಇಲ್ಲಿ ಯಾರ ಹತ್ರ ಹೇಳುದು ಅವರು?"

"ನನಗೆ ಗೊತ್ತಿಲ್ಲ ಮಗಾ. ಸೈಟಿನಲ್ಲಿ ಯಾರ ಹತ್ರ ಆದ್ರೂ ಹೇಳಿರಬಹುದು" ಎಂದೆ.

ನೀರು ಬೇಕಾ ಎಂದು ಕೇಳಿದೆ, ಬೇಡ ಎಂದಳು. "ಊರಿನಲ್ಲಿ ಎಲ್ಲರೂ ಈಗ ಹೇಳ್ತಾರೆ, ಆದಂಚ ಇಷ್ಟು ವರ್ಷ ಮೆಷಿನ್ ಬಿಟ್ಟು, ಒಂದು ಕಲ್ಲು ಇಡ್ಲಿಕ್ಕೆ ಮರೆತರಂತೆ ಅಂತ. ಉಮ್ಮನಿಗೆ ಅದೇ ಸಂಕಟ" ಎಂದು ಹೇಳಿ ಹೋದಳು.

ಪಾಪ. ಆದರೆ ನಾನಾದರೂ ಏನು ಹೇಳಲಿ?

ಡಿಸೆಂಬರ್ 5, ಗುರುವಾರ

ಎರಡನೆಯದು. ಮಂಗಳೂರಿನಿಂದ ಶಶಾಂಕ ಎಂಬವರು ಬಂದಿದ್ದರು. ಮಾತು ಕಡಿಮೆ, ಕೆಲಸ ಗೊತ್ತಿರುವ ಜನ. ಇದು ಕನ್ನಡದಲ್ಲಿ ಉಂಟು. ಆಪರೇಟರ್ ಬರೆಯಬೇಕೆಂದಿಲ್ಲ, ಮೊಬೈಲಿನಲ್ಲಿ ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಸಾಕು. ನೆಟ್‌ವರ್ಕ್ ಇಲ್ಲದಿದ್ದರೂ ಉಳಿದು, ಸಿಕ್ಕಿದಾಗ ಹೋಗುತ್ತದೆ. ದೂರು ಬಂದ ಕೂಡಲೇ ನನಗೆ, ಮೆಕ್ಯಾನಿಕ್‌ಗೆ, ಸರ್‌ಗೆ, ಮೂವರಿಗೂ ಕಾಣುತ್ತದೆ.

ಒಂದು ದೊಡ್ಡ ತೊಂದರೆ: ಒಮ್ಮೆ ಒಳಗೆ ಹೋದದ್ದನ್ನು ಅಳಿಸಲು ಆಗುವುದಿಲ್ಲ. ತಾರೀಕನ್ನೂ ತಿದ್ದಲಾಗದು. ತಪ್ಪಿದ್ದರೆ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು ಅಷ್ಟೆ. "ಮನುಷ್ಯರಿಗೆ ಕೈತಪ್ಪು ಆಗುದಿಲ್ವಾ?" ಎಂದು ಕೇಳಿದೆ. "ಆಗ್ತದೆ ಮೇಡಂ. ಕೈತಪ್ಪಿದ್ದೂ ಗೊತ್ತಾಗ್ಬೇಕಲ್ಲ" ಎಂದರು. ಈ ಮಾತು ನನಗೆ ಅಷ್ಟು ಹಿಡಿಸಲಿಲ್ಲ.

ದಿನಕ್ಕೆ ಸರಾಸರಿ ಎಷ್ಟು ದೂರು ಬರುತ್ತದೆ, ಫೋನಿನ ಪಟ್ಟಿ ನೋಡಿ ಹೇಳಿ ಎಂದರು. ನನ್ನ ಮೊಬೈಲು ತೆಗೆದು ಹಿಂದಕ್ಕೆ ಸರಿಸುತ್ತಾ ಹೋದೆ. ನವೆಂಬರ್ 13, ಸಂಜೆ 5.12, ಆದಂ ರೋಲರ್, ಒಂದು ನಿಮಿಷ ನಲವತ್ತು ಸೆಕೆಂಡು.

ಸುಮಾರು ಎಂಟು ಹತ್ತು ಬರಬಹುದು ಎಂದು ಹೇಳಿ ಫೋನ್ ಕೆಳಗಿಟ್ಟೆ.

ಡಿಸೆಂಬರ್ 6

ಆದಂ ಅವತ್ತು ಸಂಜೆ ಫೋನ್ ಮಾಡಿದ್ದು ಮೀಟರ್ ಹೇಳಲಿಕ್ಕೆ ಇರಬೇಕು.

ಡಿಸೆಂಬರ್ 9, ಸೋಮವಾರ

ಎರಡು ದಿನದಿಂದ ತಲೆನೋವು. ಊಟ ಸೇರುವುದಿಲ್ಲ. ಕಂಪ್ಯೂಟರ್ ಜಾಸ್ತಿ ನೋಡಿದ್ದಕ್ಕೆ ಇರಬೇಕು. ಕನ್ನಡಕದ ನಂಬರ್ ಬದಲಾಗಿದೆಯೋ ಏನೋ. "ಆ ಸಾಫ್ಟ್‌ವೇರ್ ಒಂದು ಮುಗಿಸಿ ಕೈ ತೊಳ್ಕೊ ಮಾರಾಯ್ತಿ" ಎಂದು ಮನೆಯಲ್ಲಿ ಇವರು ಬೈದರು.

ಆದಂ ಕುಂಞಿ ಮೀಟರ್ ಹೇಳುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ. ಸಂಜೆ ಹೇಳುವ ಕ್ರಮ ಇರಲಿಲ್ಲ.

ಡಿಸೆಂಬರ್ 11, ಬುಧವಾರ

ಹಳೆಯ ದೂರುಗಳನ್ನು ಸಾಫ್ಟ್‌ವೇರಿಗೆ ಹಾಕಿ ಪರೀಕ್ಷೆ ಮಾಡಬೇಕಲ್ಲ, ಹಾಗೆ ದೂರಿನ ಪುಸ್ತಕ ಹಿಡಿದು ಗ್ಯಾರೇಜಿಗೆ ಹೋದೆ. ಯಾವುದು ರಿಪೇರಿಯಾಗಿದೆ, ಯಾವುದು ಇಲ್ಲ ಎಂದು ಮುರಳಿಕೃಷ್ಣನನ್ನು ಕೇಳಿ ಗುರುತು ಹಾಕುತ್ತಾ ಬಂದೆವು.

ಅಕ್ಟೋಬರ್ 28. ರೋಲರ್ 2, ಪಾರ್ಕಿಂಗ್ ಬ್ರೇಕ್ ಸಡಿಲ. ನನ್ನದೇ ಅಕ್ಷರ. ಪಕ್ಕದಲ್ಲಿ ಮೆಕ್ಯಾನಿಕ್ ಸಹಿ ಮಾಡುವ ಜಾಗ ಖಾಲಿ.

ನವೆಂಬರ್ 6. ರೋಲರ್ 2, ಬ್ರೇಕ್ ಪುನಃ. ಅದರ ಪಕ್ಕವೂ ಖಾಲಿ.

ಮುರಳಿ ಕೈ ಒರೆಸುತ್ತಾ ನಿಂತ. "ನಾನು ಆಗ ಕಡಬದಲ್ಲಿದ್ದೆ ಅಲ್ವಾ ಅಕ್ಕ. ಸೇತುವೆ ಕಾಂಕ್ರೀಟ್ ಮುಗಿಯುವವರೆಗೆ ಅಲ್ಲಿಂದ ಅಲುಗಾಡ್ಬೇಡ ಅಂತ ಧಣಿಗಳೇ ಹೇಳಿದ್ದು. ರೋಲರ್‌ದು ಹೇಳಿದ್ದೆ ನಾನು. ಓಡ್ತದಲ್ಲ, ಓಡ್ಲಿ, ಮತ್ತೆ ನೋಡುವ ಅಂದ್ರು."

"ಮತ್ತೆ?"

"ಮತ್ತೆ ಎಂತ? ನವೆಂಬರ್ ಹನ್ನೊಂದಕ್ಕೆ ಕಾಂಕ್ರೀಟ್ ಮುಗಿಯಿತು. ಹನ್ನೆರಡಕ್ಕೆ ಬಂದು ಇಲ್ಲೇ ಇದ್ದೆ. ನೀವು ಪುನಃ ಏನೂ ಹೇಳ್ಲಿಲ್ಲ, ಸರಿಯಾಗಿರ್ಬೇಕು ಅಂದ್ಕೊಂಡೆ. ಒಂದು ಮಾತು ಹೇಳಿದ್ರೆ ಬೈಕಿನಲ್ಲೇ ಓಡ್ತಿದ್ದೆ."

ಅವನು ಕೊಂಕು ನುಡಿದದ್ದಲ್ಲ. ಇದ್ದದ್ದನ್ನು ಹೇಳಿದ. ಪುಸ್ತಕ ಮುಚ್ಚಿ ಬಸ್ಸಿಗೆ ಬಂದೆ. ಉಳಿದ ದೂರುಗಳಿಗೆ ಗುರುತು ಹಾಕಲು ಇನ್ನೊಂದು ದಿನ ಹೋಗಬೇಕು.

ಡಿಸೆಂಬರ್ 14, ಶನಿವಾರ

ಮೂರನೆಯದು ಇಲ್ಲಿಯದೇ. ತಮೀಮ್ ಎಂಬವರು ಟಿಪ್ಪರ್ ಮಾಲೀಕರಿಗೆಂದು ಮಾಡಿದ್ದು, ಈಗ ಎಲ್ಲ ಮೆಷಿನುಗಳಿಗೂ ಹೊಂದಿಸಿದ್ದಾರೆ. ಸುಲಭ ಉಂಟು, ಖರ್ಚೂ ಕಡಿಮೆ. ನನ್ನ ಪುಸ್ತಕವನ್ನೇ ಕಂಪ್ಯೂಟರಿನಲ್ಲಿ ಇಟ್ಟ ಹಾಗೆ. ಯಾವ ಸಾಲನ್ನು ಬೇಕಾದರೂ ತಿದ್ದಬಹುದು, ತಾರೀಕು ಹಿಂದೆ ಮುಂದೆ ಮಾಡಬಹುದು. ಸರ್ ಸ್ವತಃ ಕುಳಿತು ನೋಡಿದರು.

"ಹೋದ ತಿಂಗಳ ತಾರೀಕಿಗೆ ಈಗ ಹಾಕಿದ್ರೂ ತಗೊಳ್ತದಾ?" ಎಂದು ಕೇಳಿದರು.

"ತಗೊಳ್ತದೆ ಸರ್. ಹಳೇದೆಲ್ಲ ತುಂಬಿಸ್ಲಿಕ್ಕೆ ಬೇಕು ಅಂತ ಗಿರಾಕಿಗಳೇ ಕೇಳುದು" ಎಂದರು ತಮೀಮ್. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಳೆಯದನ್ನು ತುಂಬಿಸದೆ ಯಾರಿಗೂ ಹೊಸದನ್ನು ಶುರು ಮಾಡಲು ಆಗುವುದಿಲ್ಲ.

ಸರ್ ನನ್ನ ಮುಖ ನೋಡಿದರು. ನಾನು ಬರೆದುಕೊಳ್ಳುತ್ತಿದ್ದೆ.

ಡಿಸೆಂಬರ್ 18, ಬುಧವಾರ

ಶಶಾಂಕರದ್ದನ್ನು ಸೈಟಿನಲ್ಲಿ ಒಮ್ಮೆ ಓಡಿಸಿ ನೋಡಲು ಕಡಬಕ್ಕೆ ಹೋಗಿದ್ದೆ. ಸೇತುವೆಯ ಹತ್ತಿರ ಜೆಸಿಬಿ ಕೆಲಸ. ಆಪರೇಟರ್ ಜಾಸಿರ್. ಹೋದ ತಿಂಗಳು ಸಂಪಾಜೆಯಲ್ಲಿ ಇದ್ದವನು, ಅದಾದ ಮೇಲೆ ಆ ಸೈಟಿಗೆ ಹೋಗುವುದಿಲ್ಲ ಎಂದು ಹೇಳಿ ಇಲ್ಲಿಗೆ ಬಂದಿದ್ದಾನೆ.

ಅವನ ಮೊಬೈಲಿಗೆ ಹಾಕಿಕೊಟ್ಟು ಗುಂಡಿ ತೋರಿಸಿದೆ. ಒತ್ತಿ ಹಿಡಿದು, "ಅಕ್ಕಾ, ಜೆಸಿಬಿ ಮೂರರ ಬಕೆಟ್ ಹತ್ರ ಹೋಸ್ ಸೋರ್ತಾ ಉಂಟು" ಎಂದ. ನನ್ನ ಮೊಬೈಲು ಟಿಣ್ ಎಂದಿತು. ಅವನಿಗೆ ನಗು ಬಂತು.

"ಇದರಲ್ಲಿ ಹೇಳಿದ್ರೆ ಯಾರಿಗೆಲ್ಲ ಕೇಳ್ತದೆ?"

"ನನಗೆ, ಮುರಳಿಗೆ, ಸರ್‌ಗೆ."

"ಹಾಗಾದ್ರೆ ಒಳ್ಳೆದು. ಇಲ್ಲಿವರೆಗೆ ನಾವು ನಿಮಗೊಬ್ಬರಿಗೇ ಹೇಳುದು."

ನಾನು ಬೇರೆ ಮಾತು ತೆಗೆಯಬೇಕೆಂದಿದ್ದೆ. ಆದರೆ, "ಜಾಸಿರ್, ಆದಂಚ ಅವತ್ತು ಕಲ್ಲು ಇಟ್ಟಿರಲಿಲ್ವಾ?" ಎಂದು ಕೇಳಿಬಿಟ್ಟೆ.

ಅವನು ಯಂತ್ರದಿಂದ ಕೆಳಗಿಳಿದು ಬಂದ. "ಯಾರು ಹೇಳಿದ್ದು ಇಟ್ಟಿಲ್ಲ ಅಂತ? ಎರಡು ಕಲ್ಲು ಇಟ್ಟಿದ್ರು ಅಕ್ಕ, ಎರಡೂ ಚಕ್ರಕ್ಕೆ. ನಾನೇ ನೋಡಿದ್ದೇನೆ. ಹತ್ತು ಟನ್ ಮೆಷಿನ್, ಬ್ರೇಕ್ ಇಲ್ಲದಿದ್ರೆ ಕಲ್ಲು ಎಂತ ಮಾಡ್ತದೆ? ಹತ್ತಿಕೊಂಡೇ ಹೋಯ್ತು. ಕೆಳಗೆ ಚರಂಡಿ ಕಟ್ಟುವವರು ಇಬ್ಬರು ಕೂತಿದ್ರು. ಆದಂಚ ಅವರನ್ನು ಕೂಗ್ತಾ ಮೆಷಿನಿಗೆ ಹತ್ಲಿಕ್ಕೆ ಓಡಿದ್ರು. ತಿರುಗಿಸುವ ಅಂತ. ತಿರುಗಿಸಿಯೂ ಬಿಟ್ರು. ಆದ್ರೆ ಅವರ ಮೇಲೆಯೇ..."

"ಪೊಲೀಸರಿಗೆ ಹೇಳಿದ್ಯಾ ಇದನ್ನು?"

"ನನ್ನ ಹತ್ರ ಯಾರು ಕೇಳಿದ್ರು?"

ಬರುವಾಗ ಬಸ್ಸಿನಲ್ಲಿ ಕುಳಿತು, ಮೂರನ್ನೂ ಹೋಲಿಸಲು ಮಾಡಿಕೊಂಡ ಕೋಷ್ಟಕದಲ್ಲಿ ಶಶಾಂಕರದ್ದನ್ನು ತುಂಬಿಸಿದೆ. ಕನ್ನಡ: ಇದೆ. ನೆಟ್‌ವರ್ಕ್ ಇಲ್ಲದೆ: ಆಗುತ್ತದೆ. ಆಪರೇಟರಿಗೆ ಸುಲಭ: ಹೌದು. ಅಳಿಸಲು ಆಗುವುದಿಲ್ಲ. ಮೊದಲು ಇದರ ಮುಂದೆ ತೊಂದರೆ ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿದೆ.

ಡಿಸೆಂಬರ್ 20, ಶುಕ್ರವಾರ

ಇವತ್ತು ರಜೆ ಹಾಕಿದೆ. ಇವರು ಕೆಲಸಕ್ಕೆ, ಮಗಳು ತನ್ಮಯೀ ಕಾಲೇಜಿಗೆ ಹೋದ ಮೇಲೆ ಬೆಟ್ಟಂಪಾಡಿಯ ಈ ಮನೆಯಲ್ಲಿ ಒಬ್ಬಳೇ ಕುಳಿತಿದ್ದೇನೆ. ಬರೆದು ಮುಗಿಸುತ್ತೇನೆ.

ನವೆಂಬರ್ 13 ತುಳಸಿ ಪೂಜೆ. ಕಬ್ಬು, ನೆಲ್ಲಿಯ ಗೆಲ್ಲು ತೆಗೆದುಕೊಂಡು ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಪುಸ್ತಕಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಆಗ ಫೋನ್ ಬಂತು.

"ಅಕ್ಕಾ, ರೋಲರ್‌ದು ಬ್ರೇಕ್ ಈಗ ಹಿಡಿಯುದೇ ಇಲ್ಲ. ಇವತ್ತು ಎರಡು ಸಲ ಹಿಂದೆ ಬಂತು. ನಾಳೆ ಮೇಲಿನ ತಿರುವಿನಲ್ಲಿ ಕೆಲ್ಸ. ಅಲ್ಲಿ ಇಳಿಜಾರು ಜೋರುಂಟು."

"ಬರ್ಕೊಂಡೆ ಆದಂಚ. ನಾಳೆ ಬೆಳಿಗ್ಗೆಯೇ ಮುರಳಿಯನ್ನು ಕಳಿಸ್ತೇನೆ."

"ಕಳಿಸ್ತೀರಲ್ಲ?"

"ಕಳಿಸ್ತೇನೆ. ಬಸ್ಸಿಗೆ ಹೊತ್ತಾಯ್ತು, ಇಡ್ತೇನೆ."

ಬರ್ಕೊಂಡೆ ಎಂದೆ. ಬರೆದುಕೊಂಡಿರಲಿಲ್ಲ. ನನ್ನ ಕೈಯಲ್ಲಿ ಪೆನ್ನೂ ಇರಲಿಲ್ಲ.

ಮಾರನೆಯ ದಿನ ಒಂಬತ್ತಕ್ಕೆ ಆಫೀಸಿಗೆ ಬಂದರೆ ಟಿಪ್ಪರ್ ಒಂದು ಮಾಣಿ ಪೇಟೆ ದಾಟಿ ಕೆಟ್ಟು ನಿಂತಿತ್ತು. ಅದರ ಹಿಂದೆ ಬಿದ್ದೆ. ಮುರಳಿಯ ಹತ್ತಿರ ಮೂರು ಸಲ ಮಾತಾಡಿದೆ, ಮೂರೂ ಸಲ ಟಿಪ್ಪರಿನದೇ ಮಾತು. ಆದಂಚನ ನೆನಪೇ ಆಗಲಿಲ್ಲ, ಎಂಟರ ಮೀಟರ್ ಫೋನ್ ಅವರಿಂದ ಬಾರದ್ದೂ ಗಮನಕ್ಕೆ ಬರಲಿಲ್ಲ. ಹತ್ತೂವರೆಗೆ ಸಂಪಾಜೆಯಿಂದ ಫೋನ್ ಬಂದಾಗ ಆಯಿತು. ಒಂಬತ್ತಕ್ಕೆ ನೆನಪಾಗಿದ್ದರೂ, ಇವತ್ತು ಮೆಷಿನ್ ಸ್ಟಾರ್ಟ್ ಮಾಡ್ಬೇಡಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು.

ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎರಡು ದಿನ ಕಳೆದು ಆ ಪತ್ರ ಟೈಪ್ ಮಾಡಿದೆ.

ತಲೆನೋವಿಗೆ ಕನ್ನಡಕ ಬದಲಿಸುವುದು ಬೇಡ ಅನ್ನಿಸುತ್ತದೆ.

ಡಿಸೆಂಬರ್ 23, ಸೋಮವಾರ

ಸರ್‌ಗೆ ವರದಿ ಕೊಟ್ಟೆ. ಶಶಾಂಕರದ್ದು ತೆಗೆದುಕೊಳ್ಳುವುದು ಒಳ್ಳೆಯದು ಎಂದು ಬರೆದಿದ್ದೆ.

ಓದಿ ಮೇಜಿನ ಮೇಲಿಟ್ಟರು. "ಒಳ್ಳೆದೇ ಇರ್ಬಹುದು. ಆದ್ರೆ ನಮಗೆ ತಮೀಮ್‌ದು ಸಾಕು. ಈ ವಾರವೇ ಹಳೇದೆಲ್ಲ ತುಂಬಿಸಿ." ವರದಿಯನ್ನು ಬದಿಗೆ ಸರಿಸಿ, "ರೋಲರ್ ಎರಡರದ್ದು ಅಕ್ಟೋಬರ್ ಮೂವತ್ತಕ್ಕೆ ಬ್ರೇಕ್ ಸರ್ವಿಸ್ ಆಗಿದೆ ಅಂತ ಹಾಕಿ" ಎಂದರು.

"ಸರ್, ಆಗಿಲ್ಲ."

"ನನಗೂ ಗೊತ್ತುಂಟು ಶಂಕರಿ." ಧ್ವನಿ ಏರಿಸಲಿಲ್ಲ. "ಇದರಲ್ಲಿ ಹೆಚ್ಚುಕಡಿಮೆ ಆದ್ರೆ ಕಂಪನಿಗೆ ಇನ್ನು ಸರ್ಕಾರದ ಕೆಲಸ ಒಂದೂ ಸಿಗುದಿಲ್ಲ. ಎಂಬತ್ತು ಜನ ಉಂಟು ನಮ್ಮನ್ನು ನಂಬಿ. ಹೋದವರು ಹೋದ್ರು. ಇದ್ದವರನ್ನು ನೋಡ್ಬೇಕಲ್ಲ?"

ನನಗೆ ಹೆರಿಗೆಯಾದಾಗ ಆಸ್ಪತ್ರೆಗೆ ತಮ್ಮ ಕಾರು ಕಳಿಸಿದವರು ಇವರು. ಅವರ ಕಣ್ಣಿನ ಕೆಳಗೂ ಕಪ್ಪಾಗಿದೆ.

ಡಿಸೆಂಬರ್ 27, ಶುಕ್ರವಾರ

ಹಾಕಿದೆ.

ಅಕ್ಟೋಬರ್ 30, ರೋಲರ್ 2, ಪಾರ್ಕಿಂಗ್ ಬ್ರೇಕ್ ಸರ್ವಿಸ್, ಸರಿಯಾಗಿದೆ. ದಾಖಲಿಸಿದವರು: ಶಂಕರಿ. ಒಂದು ನಿಮಿಷವೂ ಹಿಡಿಯಲಿಲ್ಲ. ಅಕ್ಟೋಬರ್ 28 ಮತ್ತು ನವೆಂಬರ್ 6ರ ದೂರುಗಳನ್ನು ಅಳಿಸು ಎಂದು ಒತ್ತಿದಾಗ, ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಮುದ್ರಿಸಿ ಸರ್ ಮೇಜಿನ ಮೇಲಿಟ್ಟೆ. ದೂರಿನ ಪುಸ್ತಕವನ್ನು ಸರ್ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ.

ಜನವರಿ 1

ಮನೆಯಲ್ಲಿ ಪಾಯಸ ಮಾಡಿದೆ. ತನ್ಮಯೀ, "ಅಮ್ಮ, ಸಕ್ಕರೆ ಹಾಕ್ಲೇ ಇಲ್ಲ ನೀನು" ಎಂದಳು.

ಜನವರಿ 7, ಮಂಗಳವಾರ

ಹಳೆಯ ವರ್ಷದ ಪುಸ್ತಕ ಮುಗಿದಿದೆ. ಕೊನೆಯಲ್ಲಿರುವ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಇನ್ಸ್‌ಪೆಕ್ಟರ್ ಬಂದಿದ್ದರು. ಜೊತೆಗೆ ಒಬ್ಬ ಗುಮಾಸ್ತ. ಸರ್ ರೋಲರಿನ ಹಾಳೆಗಳನ್ನು ಮುಂದಿಟ್ಟರು. ಇನ್ಸ್‌ಪೆಕ್ಟರ್ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಅಚ್ಚುಕಟ್ಟಾಗಿಟ್ಟಿದ್ದೀರಿ ಎಂದರು. ಸರ್ ಚಹಾ ತರಿಸಲು ಹೇಳಿದರು.

"ಈ ಶಂಕರಿ ಯಾರು?"

"ನಾನು ಸರ್" ಎಂದೆ. ಬಾಗಿಲ ಹತ್ತಿರ ನಿಂತಿದ್ದೆ.

"ಆಪರೇಟರ್ ಬ್ರೇಕಿನ ಬಗ್ಗೆ ದೂರು ಹೇಳಿದ್ದುಂಟಾ?"

ಉತ್ತರ ಏನು ಎಂದು ಸರ್ ನಿನ್ನೆಯೇ ಹೇಳಿಕೊಟ್ಟಿದ್ದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದದ್ದು.

"ಉಂಟು ಸರ್. ಮೂರು ಸಲ" ಎಂದೆ.

ಇನ್ಸ್‌ಪೆಕ್ಟರ್ ತಲೆ ಎತ್ತಿದರು.

"ಎರಡು ಸಲದ್ದು ಪುಸ್ತಕದಲ್ಲಿ ಬರೆದಿದ್ದೆ. ಮೂರನೆಯದನ್ನು ಬರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅದು ಅವರು ತೀರಿಹೋದ ಹಿಂದಿನ ದಿನ ಸಂಜೆ ಬಂದದ್ದು. ಈ ಸರ್ವಿಸ್ ಆಗಿಲ್ಲ. ನಾನು ಮೊನ್ನೆ ಡಿಸೆಂಬರಿನಲ್ಲಿ ಹಾಕಿದ್ದು. ಚಕ್ರಕ್ಕೆ ಕಲ್ಲು ಇಟ್ಟದ್ದನ್ನು ನೋಡಿದವರು ಇದ್ದಾರೆ, ಜಾಸಿರ್ ಅಂತ."

ಗುಮಾಸ್ತ ಬರೆದುಕೊಂಡ. ಓದಿ ಹೇಳಿದ. ಸಹಿ ಹಾಕಿದೆ. ನನ್ನ ಮೊಬೈಲಿನ ಫೋನ್ ಪಟ್ಟಿಯ ಚಿತ್ರವನ್ನೂ ತೆಗೆದುಕೊಂಡರು. ದೂರಿನ ಪುಸ್ತಕ ಎಲ್ಲಿ ಎಂದು ಕೇಳಿದರು. ಸರ್ ಎದ್ದು ಕಪಾಟು ತೆರೆದು ಕೊಟ್ಟರು. ಸುಡದೆ ಇಟ್ಟುಕೊಂಡಿದ್ದರು.

ಅವರೆಲ್ಲ ಹೋದ ಮೇಲೆ ಸರ್ ಕಪಾಟಿಗೆ ಪುನಃ ಬೀಗ ಹಾಕಿದರು. "ಮೂರನೇ ಸಲದ್ದು ನನಗೂ ಹೇಳಿರಲಿಲ್ಲ ನೀವು" ಎಂದರು.

"ಇಲ್ಲ ಸರ್."

"ಹೇಳಿದ್ರೆ ನಾನು ನಿಲ್ಲಿಸ್ತಿದ್ದೆನಾ ಅಂತ ಯೋಚಿಸ್ತಾ ಇದ್ದೇನೆ" ಎಂದರು. ಆಮೇಲೆ, "ನಾಳೆಯಿಂದ ಬರುದು ಬೇಡ ಶಂಕರಿ" ಎಂದರು.

ಗಾನಶ್ರೀ ಮೆಟ್ಟಿಲವರೆಗೆ ಬಂದಳು.

ಜನವರಿ 9, ಗುರುವಾರ

ಕಂಪನಿಯ ಹೊಸ ಪತ್ರ ಇಲಾಖೆಗೆ ಹೋಗಿದೆಯಂತೆ. ದೂರು ಬಂದರೂ ಅದನ್ನು ಮೇಲಿನವರಿಗೆ ತಿಳಿಸದ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ ಎಂದು. ಗಾನಶ್ರೀ ಫೋನಿನಲ್ಲಿ ಓದಿ ಹೇಳಿದಳು, ಅತ್ತಳು. ಮೊದಲ ಎರಡು ದೂರಿನ ಮಾತು ಅದರಲ್ಲಿ ಇಲ್ಲ. ನನ್ನ ಬಗ್ಗೆ ಬರೆದದ್ದು ಮಾತ್ರ ಸುಳ್ಳಲ್ಲ.

"ಹದಿನೇಳು ವರ್ಷದ ಕೆಲಸ. ನಿನಗೆ ಬೇಕಿತ್ತಾ ಇದು?" ಎಂದು ಇವರು ಒಮ್ಮೆ ಕೇಳಿದರು. ಮತ್ತೆ ಕೇಳಲಿಲ್ಲ.

ಜನವರಿ 12, ಭಾನುವಾರ

ಸಂಪಾಜೆಗೆ ಹೋಗಿ ಬಂದೆ. ಪುತ್ತೂರಿಗೊಂದು ಬಸ್ಸು, ಸುಳ್ಯಕ್ಕೊಂದು, ಅಲ್ಲಿಂದ ಮಡಿಕೇರಿ ಬಸ್ಸು. ರಸ್ತೆಯಿಂದ ಸ್ವಲ್ಪ ಮೇಲೆ ಹತ್ತಿದರೆ ಅವರ ಮನೆ. ಹೆಂಚಿನ ಮನೆ, ಮುಂದಿನ ಅರ್ಧ ಹೊಸದಾಗಿ ಕಟ್ಟುತ್ತಿದ್ದದ್ದು ಹಾಗೇ ನಿಂತಿದೆ.

ಶಿಫಾ ಬಾಗಿಲು ತೆರೆದಳು. ಗುರುತು ಹಿಡಿದಳು. "ಉಮ್ಮ ಇದ್ದತ್‌ನಲ್ಲಿದ್ದಾರೆ, ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹೊರಗೆ ಬರುದಿಲ್ಲ. ಹೆಂಗಸರು ಒಳಗೆ ಹೋಗಬಹುದು" ಎಂದು ಕರೆದುಕೊಂಡು ಹೋದಳು.

ಆದಂಚನ ಹೆಂಡತಿ ಆಯಿಶಮ್ಮ ಚಾಪೆಯ ಮೇಲೆ ಕುಳಿತಿದ್ದರು. ನಾನು ಎದುರಿಗೆ ಕುಳಿತೆ. ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡ ಮಾತುಗಳೆಲ್ಲ ಬಿಟ್ಟುಹೋದವು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮೂರು ಫೋನ್, ಬೀಗ ಹಾಕಿದ ಕಪಾಟು, ಬರ್ಕೊಂಡೆ ಎಂದದ್ದು, ಪತ್ರ ಟೈಪ್ ಮಾಡಿದ್ದು, ಮಗಳ ಹತ್ತಿರ ಗೊತ್ತಿಲ್ಲ ಎಂದದ್ದು. ಅವರಿಗೆ ಅರ್ಥವಾಗದ ಕಡೆ ಶಿಫಾ ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದಳು. ಗೊತ್ತಿಲ್ಲ ಎಂದ ಮಾತಿಗೆ ಬಂದಾಗ ಮಾತ್ರ ಅವಳು ತಿರುಗಿಸಿ ಹೇಳಲಿಲ್ಲ, ಗೋಡೆ ನೋಡಿದಳು.

ಕ್ಷಮಿಸಿ ಎನ್ನಲು ಹೋಗಿದ್ದೆ. ಆ ಮಾತು ಬಾಯಿಗೆ ಬರಲಿಲ್ಲ.

ನಾನು ಏಳುವುದೋ ಕೂರುವುದೋ ತಿಳಿಯದೆ ಇದ್ದೆ. ಕೊನೆಗೆ ಎದ್ದೆ. ಬಾಗಿಲು ದಾಟುವಾಗ ಹಿಂದಿನಿಂದ ಅವರ ಧ್ವನಿ ಕೇಳಿತು. ನಿಧಾನವಾಗಿ, ಶಬ್ದ ಹುಡುಕಿ ಹುಡುಕಿ ಹೇಳುತ್ತಿದ್ದರು.

"ಆ ಕೊನೆಯ ಫೋನ್ ಅವರು ಇಲ್ಲಿ ನಿಂತೇ ಮಾಡಿದ್ದು. ನಾನು ಹೇಳಿದೆ, ಬ್ರೇಕ್ ಇಲ್ಲದಿದ್ರೆ ನಾಳೆ ಹೋಗ್ಬೇಡಿ, ಒಂದು ದಿನ ರಜೆ ಮಾಡಿ ಅಂತ. ಅವರು ಹೇಳಿದ್ರು, ಇಲ್ಲ, ಅಕ್ಕ ಮೆಕ್ಯಾನಿಕನ್ನು ಕಳಿಸ್ತಾರೆ. ನಾನು ಹೋಗದಿದ್ರೆ ಪುತ್ತೂರಿನಿಂದ ಬಂದವ ಅಲ್ಲಿ ಸುಮ್ಮನೆ ಕಾಯ್ಬೇಕಾಗ್ತದೆ ಅಂತ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಅದಕ್ಕೇ ಹೋದದ್ದು" ಎಂದರು ಆಯಿಶಮ್ಮ.

ಶಿಫಾ ರಸ್ತೆಯವರೆಗೆ ಬಂದಳು. ಬಸ್ಸಿಗೆ ಕಾಲು ಗಂಟೆ ಇತ್ತು. ಅಷ್ಟೂ ಹೊತ್ತು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಾನು ಹತ್ತಿದ ಮೇಲೆ ತಿರುಗಿ ನೋಡದೆ ಮೇಲೆ ಹೋದಳು.